ಕತ್ತಲೆ ಕೋಣೆ ಪ್ರಶ್ನೋತ್ತರ: ಯಾವ ಟ್ರೇ, ಎಷ್ಟು ದೊಡ್ಡದು?

ಪ್ರಶ್ನೆ: ಸ್ಟುಡಿಯೋ ಮುಚ್ಚುವಾಗ ನಮ್ಮ ಸೋದರಮಾವ ಅವರ ಎನ್‌ಲಾರ್ಜರ್ (ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ತೆಗೆಯುವ ಯಂತ್ರ) ನನಗೆ ಕೊಟ್ಟರು. ಜೊತೆಗೆ ಹಳೆಯ ಎನಾಮೆಲ್ ಟ್ರೇಗಳೂ ಬಂದಿವೆ. ಎರಡು ಟ್ರೇಗಳ ಮೂಲೆಯಲ್ಲಿ ಎನಾಮೆಲ್ ಎದ್ದು ಕಬ್ಬಿಣ ಕಾಣುತ್ತಿದೆ. ಮನೆಯ ಬಚ್ಚಲಲ್ಲೇ ಡಾರ್ಕ್‌ರೂಮ್, ಜಾಗ ಕಡಿಮೆ. ಹಾಕುವುದು 8x10 ಇಂಚಿನ ಆರ್‌ಸಿ (ಪ್ಲಾಸ್ಟಿಕ್ ಲೇಪಿತ ಕಾಗದದ) ಪ್ರಿಂಟ್, ಆಗೊಮ್ಮೆ ಈಗೊಮ್ಮೆ 12x16. ಈ ಟ್ರೇಗಳು ಸಾಕೇ? ಪಾತ್ರೆ ಅಂಗಡಿಯ ಸ್ಟೀಲ್ ಟ್ರೇ ಆಗುತ್ತದೆಯೇ? ದಯವಿಟ್ಟು ತಿಳಿಸಿ ಸರ್.
– ದಾವಣಗೆರೆಯ ಓದುಗರು

ಉತ್ತರ: ಮೊದಲು ಆ ಎನಾಮೆಲ್ ಟ್ರೇಗಳ ವಿಷಯ. ಎನಾಮೆಲ್ ಎಂದರೆ ಕಬ್ಬಿಣದ ತಗಡಿನ ಮೇಲೆ ಗಾಜಿನ ಪದರ. ಆ ಪದರ ಗಟ್ಟಿಯಾಗಿರುವವರೆಗೆ ಅದರಷ್ಟು ಚೊಕ್ಕಟವಾದ ಟ್ರೇ ಇನ್ನೊಂದಿಲ್ಲ. ನಾನು ಮೈಸೂರಿನಲ್ಲಿ ಕೆಲಸ ಕಲಿತ ಸ್ಟುಡಿಯೋದಲ್ಲಿ ಇದ್ದದ್ದೂ ಅವೇ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ 'ಇಂದು' ಬ್ರೋಮೈಡ್ ಕಾಗದವನ್ನು ಅವುಗಳಲ್ಲೇ ತೊಳೆಯುತ್ತಿದ್ದೆವು. ಆದರೆ ಒಮ್ಮೆ ಚೂರು ಎದ್ದಿತೆಂದರೆ ಒಳಗಿನ ಕಬ್ಬಿಣಕ್ಕೆ ಸ್ಟಾಪ್ ಬಾತ್‌ನ (ಡೆವಲಪ್ ಆಗುವುದನ್ನು ನಿಲ್ಲಿಸುವ ದ್ರಾವಣದ) ಆಮ್ಲ ತಾಗಿ ತುಕ್ಕು ಬರುತ್ತದೆ, ತುಕ್ಕು ಅಕ್ಕಪಕ್ಕದ ಎನಾಮೆಲನ್ನೂ ಎಬ್ಬಿಸುತ್ತದೆ. ಆ ಪುಡಿ ಒದ್ದೆ ಪ್ರಿಂಟಿನ ಮೇಲೆ ಕೂತರೆ ಕಲೆ ಹೋಗುವುದಿಲ್ಲ. ಹಾಗಾಗಿ ಮೂಲೆ ಎದ್ದಿರುವ ಎರಡನ್ನೂ ರಾಸಾಯನಿಕಕ್ಕೆ ಬಳಸಬೇಡಿ. ಉಳಿದವುಗಳ ಒಳಮೂಲೆಗಳ ಮೇಲೆ ಉಗುರು ಆಡಿಸಿ ನೋಡಿ. ಎಲ್ಲೂ ತಡೆಯದೆ ಜಾರಿದರೆ ಡೆವಲಪರ್‌ಗೆ, ಅಂದರೆ ಕಾಗದದ ಮೇಲೆ ಚಿತ್ರ ಮೂಡಿಸುವ ದ್ರಾವಣಕ್ಕೆ, ಇಟ್ಟುಕೊಳ್ಳಬಹುದು.

ಸ್ಟೀಲ್ ವಿಚಾರದಲ್ಲಿ ತುಸು ಎಚ್ಚರ ಬೇಕು. ಪಾತ್ರೆ ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಟೀಲ್ ಬಹುಪಾಲು 200 ಸರಣಿಯದು, ಅದರಲ್ಲಿ ನಿಕಲ್ ಕಡಿಮೆ. ಮೂಡಿದ ಚಿತ್ರ ಅಳಿಯದಂತೆ ಉಳಿಸುವ ದ್ರಾವಣ, ಫಿಕ್ಸರ್, ತಾಗುತ್ತಾ ಹೋದರೆ ಅದರಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಂಡಿಗಳು ಬೀಳುತ್ತವೆ. 304 ಗ್ರೇಡ್ ಪರವಾಗಿಲ್ಲ, ಫಿಕ್ಸರ್‌ಗೆ 316 ಇನ್ನೂ ಒಳ್ಳೆಯದು. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎಂದು ಅಂಗಡಿಯವರು ಹೇಳಬಹುದು. ನಂಬಬೇಡಿ, 202 ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಗ್ರೇಡ್ ಮುದ್ರೆ ಇದ್ದರೆ ಮಾತ್ರ ತನ್ನಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಸತು ಹಚ್ಚಿದ ತಗಡು ಇವು ಡಾರ್ಕ್‌ರೂಮಿನ ಬಾಗಿಲ ಆಚೆಗೇ ಇರಲಿ. ಡೆವಲಪರ್‌ನ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಾಮ್ರದ ಅಂಶ ಚೂರು ಸೇರಿದರೂ ಡೆವಲಪರ್ ಬೇಗ ಕೆಡುತ್ತದೆ, ಕಾಗದವೂ ಮಬ್ಬಾಗುತ್ತದೆ.

ನನ್ನನ್ನು ಕೇಳಿದರೆ ಪ್ಲಾಸ್ಟಿಕ್ಕೇ ಸರಿ. ಫೋಟೋ ಕಂಪನಿಯದೇ ಆಗಬೇಕೆಂದಿಲ್ಲ, ಹೋಟೆಲ್ ಸಾಮಾನಿನ ಅಂಗಡಿಯದೂ ನಡೆಯುತ್ತದೆ. ಮಗುಚಿ ತಳ ನೋಡಿ. ತ್ರಿಕೋನದೊಳಗೆ 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಎಂದಿದ್ದರೆ ಎಚ್‌ಡಿಪಿಇ. ಎರಡೂ ಆಗುತ್ತವೆ. 6 ಇದ್ದರೆ ಪಾಲಿಸ್ಟೈರೀನ್, ತುಂಬಿದ ಟ್ರೇಯನ್ನು ಎತ್ತುವಾಗ ಬಿರುಕು ಬಿಡಬಹುದು, ಬೇಡ. ಗೋಡೆ ಎರಡು ಇಂಚಾದರೂ ಎತ್ತರವಿರಲಿ, ಒಂದು ಮೂಲೆಯಲ್ಲಿ ಸುರಿಯಲು ಮೂತಿ ಇದ್ದರೆ ಇನ್ನೂ ಒಳ್ಳೆಯದು. ಬಿಳಿ ಬಣ್ಣದ್ದನ್ನೇ ಆರಿಸಿ, ತಳದಲ್ಲಿ ಕೂತ ಕೊಳೆ ಕಣ್ಣಿಗೆ ಬೀಳುತ್ತದೆ.

ಹಣ ಕೊಡುವ ಮುಂಚೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಸಮತಟ್ಟಾದ ಕಲ್ಲಿನ ಮೇಲೆ ಟ್ರೇ ಇಟ್ಟು ಒಂದು ಲೀಟರ್ ನೀರು ಸುರಿಯಿರಿ. ಒಂದು ಬದಿಯನ್ನು ಅರ್ಧ ಇಂಚು ಎತ್ತಿ ನಿಧಾನವಾಗಿ ಇಳಿಸಿ. ನೀರು ಒಂದೇ ಅಲೆಯಾಗಿ ಆ ತುದಿಗೆ ಹೋಗಿ ಮರಳಿ ಬರಬೇಕು. ನಡುವೆ ತಳ ಉಬ್ಬಿದ್ದರೆ ಅಲೆ ಅಲ್ಲಿ ಎರಡಾಗಿ ಒಡೆದು ನಡುಭಾಗ ಒಂದು ಕ್ಷಣ ಒಣಗುತ್ತದೆ. ಆರ್‌ಸಿ ಕಾಗದ ಒಂದು ನಿಮಿಷದಲ್ಲಿ ಡೆವಲಪ್ ಆಗುತ್ತದೆ. ಅಷ್ಟರಲ್ಲಿ ಹೀಗೆ ಮತ್ತೆ ಮತ್ತೆ ಒಣಗಿದ ಜಾಗ ಆಕಾಶದಂಥ ಬಯಲು ಬೂದು ಭಾಗದಲ್ಲಿ ಪಟ್ಟೆಯಾಗಿ ಎದ್ದು ಕಾಣುತ್ತದೆ. ತಳದಲ್ಲಿ ಸಾಲು ಉಬ್ಬುಗೆರೆಗಳಿರುವ ಟ್ರೇ ಸಿಕ್ಕರೆ ಬಿಡಬೇಡಿ. ಕಾಗದ ತಳಕ್ಕೆ ಅಂಟದೆ ನಿಲ್ಲುತ್ತದೆ, ಚಿಮುಟ ಸುಲಭವಾಗಿ ಅಡಿಗೆ ಹೋಗುತ್ತದೆ.

ಈಗ ಗಾತ್ರ. ಉಳಿತಾಯ ಮಾಡುವುದಿದ್ದರೆ ಕಂಪನಿಯ ಹೆಸರಿನಲ್ಲಿ ಮಾಡಿ, ಗಾತ್ರದಲ್ಲಿ ಬೇಡ. ಕಾಗದಕ್ಕಿಂತ ಸುತ್ತಲೂ ಒಂದು ಇಂಚು ದೊಡ್ಡದಿರಬೇಕು. 8x10ಕ್ಕೆ ಒಳ ಅಳತೆ 10x12 ಇರುವ ಟ್ರೇ. ಅದರಲ್ಲಿ ಒಂದು ಲೀಟರ್ ದ್ರಾವಣ ಸುಮಾರು 1.3 ಸೆಂ.ಮೀ. ಆಳ ನಿಲ್ಲುತ್ತದೆ, ಸಾಕು. ಅದೇ ಆಳ 14x18ರ ಟ್ರೇಯಲ್ಲಿ ಬೇಕೆಂದರೆ ಎರಡು ಲೀಟರಿಗೂ ಮೇಲೆ ಹಿಡಿಯುತ್ತದೆ. ಯಾವಾಗಲೋ ಹಾಕುವ 12x16ಕ್ಕಾಗಿ ದಿನಾ ದೊಡ್ಡ ಟ್ರೇ ತುಂಬಿಸಿದರೆ ಡೆವಲಪರ್ ದುಪ್ಪಟ್ಟು ಖರ್ಚು. ಅಗಲವಾದ ಮೇಲ್ಮೈಗೆ ಗಾಳಿ ತಾಗಿ ಅದು ಬೇಗ ಸಾಯುತ್ತದೆ ಕೂಡ. ಎರಡು ಸೆಟ್ ಇಡಿ. 8x10 ದಿನ ದೊಡ್ಡ ಟ್ರೇಗಳಲ್ಲೊಂದು ತಣ್ಣೀರಿನ ತೊಟ್ಟಿಯಾಗುತ್ತದೆ. ಅದು ನಿಮ್ಮೂರಿನಲ್ಲಿ ಅನಿವಾರ್ಯ.

ಏಕೆಂದರೆ ಡೆವಲಪರ್ ಡಬ್ಬಿಯ ಮೇಲಿನ ಸಮಯ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದ್ದು. ಏಪ್ರಿಲ್‌ನಲ್ಲಿ ದಾವಣಗೆರೆಯ ತಾರಸಿ ಟ್ಯಾಂಕಿನ ನೀರು ಎಷ್ಟು ಬಿಸಿ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆ ಬಿಸಿಯಲ್ಲಿ ಚಿತ್ರ ಸರ್ರನೆ ಎದ್ದುಬಿಡುತ್ತದೆ, ಕೈಗೆ ಹಿಡಿತ ಸಿಗುವುದಿಲ್ಲ. ದೊಡ್ಡ ಟ್ರೇಯಲ್ಲಿ ನೀರು ತುಂಬಿ, ಫ್ರಿಜ್‌ನಲ್ಲಿ ಗಟ್ಟಿಯಾಗಿಸಿದ ನೀರಿನ ಬಾಟಲಿ ಅದರಲ್ಲಿ ಮಲಗಿಸಿ, ಒಳಗೆ ಡೆವಲಪರ್ ಟ್ರೇ ಕೂರಿಸಿ. ಮಂಜುಗಡ್ಡೆಯನ್ನು ಡೆವಲಪರ್‌ಗೇ ಹಾಕಬೇಡಿ, ಕರಗಿ ತೆಳುವಾಗುತ್ತದೆ. ಸ್ಟೀಲಿಗೆ ನಾನು ಸೈ ಎನ್ನುವುದು ಇಲ್ಲೊಂದೇ ಕಡೆ. ಪ್ಲಾಸ್ಟಿಕ್ ದಾಟಿ ತಂಪು ಒಳಗೆ ಹೋಗಲು ಹೊತ್ತು ಹಿಡಿಯುತ್ತದೆ, ಸ್ಟೀಲಿನಲ್ಲಿ ಬೇಗ ಹೋಗುತ್ತದೆ. 304 ಸಿಕ್ಕರೆ ಡೆವಲಪರ್‌ಗೆ ಮಾತ್ರ ಒಂದು ತನ್ನಿ.

ಬಚ್ಚಲು ಕಿರಿದು ಎಂದಿರಿ. ಮೂರನ್ನೂ ಸಾಲಾಗಿ ಇಡಲಾಗದಿದ್ದರೆ ಬಡಗಿಯಿಂದ ಮೆಟ್ಟಿಲಿನಂಥ ಸ್ಟ್ಯಾಂಡ್ ಮಾಡಿಸಿ. ಮೇಲೆ ಡೆವಲಪರ್, ನಡುವೆ ಸ್ಟಾಪ್, ಕೆಳಗೆ ಫಿಕ್ಸರ್. ಈ ಕ್ರಮ ತಿರುವುಮುರುವಾಗಕೂಡದು. ಡೆವಲಪರ್‌ನ ಹನಿ ಕೆಳಗೆ ಫಿಕ್ಸರ್‌ಗೆ ಬಿದ್ದರೆ ದೊಡ್ಡ ನಷ್ಟವಿಲ್ಲ. ಹೈಪೋ, ಅಂದರೆ ಫಿಕ್ಸರ್‌ನ ಹನಿ ಡೆವಲಪರ್‌ಗೆ ಬಿದ್ದರೆ ಅಂದಿನ ಪ್ರಿಂಟುಗಳೆಲ್ಲ ಕಲೆಯಾಗಬಹುದು. ಇದೇ ಕಾರಣಕ್ಕೆ ಒಂದು ಟ್ರೇ ಒಂದೇ ದ್ರಾವಣಕ್ಕೆ ಮೀಸಲು, ಅದು ಒಡೆಯುವವರೆಗೂ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಹೈಪೋ ಉಳಿದುಕೊಳ್ಳುತ್ತದೆ, ಎಷ್ಟೇ ಉಜ್ಜಿದರೂ ಭರವಸೆ ಇಲ್ಲ. ಚಿಮುಟಗಳಿಗೂ ಇದೇ ನಿಯಮ. ಅಡುಗೆಮನೆಯಿಂದ ಬಂದ ಟ್ರೇ ಮತ್ತೆ ಅಡುಗೆಮನೆಗೆ ಹೋಗಲೇಬಾರದು.

ಹೆಸರು ಬರೆಯುವಾಗ ಕಪ್ಪು ಮಾರ್ಕರ್ ಬಳಸಿ. ಬಿಳಿ ಟ್ರೇ ಮೇಲೆ ಕೆಂಪಿನಲ್ಲಿ ಬರೆದದ್ದು ಕೆಂಪು ಸೇಫ್‌ಲೈಟಿನಲ್ಲಿ (ಕಾಗದ ಕೆಡಿಸದ ಡಾರ್ಕ್‌ರೂಮ್ ದೀಪದಲ್ಲಿ) ಮಾಯವಾಗುತ್ತದೆ. ಕೆಂಪು ಟ್ರೇ ಬಿಳಿ ಟ್ರೇ ಎಂದು ಗುರುತಿಟ್ಟುಕೊಂಡರೂ ಅಷ್ಟೆ, ಆ ಬೆಳಕಿನಲ್ಲಿ ಎರಡೂ ಒಂದೇ. ಫಿಕ್ಸರ್ ಟ್ರೇಯ ಅಂಚಿಗೆ ಒಂದು ದಾರ ಕಟ್ಟಿ, ಕೈಗೇ ತಿಳಿಯುತ್ತದೆ.

ಪ್ರಶ್ನೆ: ನನ್ನ ಬಿಳಿ ಡೆವಲಪರ್ ಟ್ರೇ ಪೂರ್ತಿ ಕಂದು ಬಣ್ಣಕ್ಕೆ ತಿರುಗಿದೆ. ಬಿಸಾಡಬೇಕೆ?
– ಉಡುಪಿಯ ಓದುಗರು

ಉತ್ತರ: ಬೇಡ. ಗಾಳಿ ತಾಗಿ ಹಳತಾದ ಡೆವಲಪರ್‌ನ ಬಣ್ಣ ಪ್ಲಾಸ್ಟಿಕ್ಕಿಗೆ ಇಳಿದಿದೆ, ಪ್ರಿಂಟಿಗೆ ಅದು ಹತ್ತುವುದಿಲ್ಲ. ಬೆರಳಿಗೆ ಜಾರುವ ಅಥವಾ ಹಕ್ಕಳೆಯಂತೆ ಏಳುವ ಪದರ ಇದ್ದರೆ ಮಾತ್ರ ತೆಗೆಯಬೇಕು. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಬಿಸಿ ನೀರಿನಲ್ಲಿ ಕರಗಿಸಿ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಮೆತ್ತನೆಯ ಸ್ಪಂಜಿನಿಂದ ಒರೆಸಿ. ತಂತಿ ನಾರು ಹಾಕಿ ಉಜ್ಜಬೇಡಿ, ಗೀರು ಬಿದ್ದಷ್ಟೂ ಕೊಳೆ ಹಿಡಿಯುತ್ತದೆ.

ಪ್ರಶ್ನೆ: 16x20 ಪ್ರಿಂಟ್ ಹಾಕುವ ಆಸೆ. ಅಷ್ಟು ದೊಡ್ಡ ಟ್ರೇ ಇಡಲು ಜಾಗವಿಲ್ಲ.
– ಹುಬ್ಬಳ್ಳಿಯ ಓದುಗರು

ಉತ್ತರ: ಜಾಗವಿಲ್ಲದವರು ಉದ್ದನೆಯ ದೋಣಿಯಂಥ ತೊಟ್ಟಿ ಬಳಸುತ್ತಾರೆ. ಅಗಲವಾದ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ, ಎರಡೂ ತುದಿಗೆ ಮುಚ್ಚಳ ಅಂಟಿಸಿದರೆ ಆಯಿತು. ಉದ್ದ 18 ಇಂಚು ಇದ್ದರೆ 16 ಇಂಚಿನ ಬದಿ ಆರಾಮಾಗಿ ಕೂರುತ್ತದೆ. ಕಾಗದದ ಎರಡು ತುದಿ ಹಿಡಿದು, ಮೇಲಕ್ಕೆ ಕೆಳಕ್ಕೆ ಎಳೆಯುತ್ತಾ ದ್ರಾವಣದೊಳಗೆ ಹಾಯಿಸಬೇಕು. ಕೈಗವಸು ಕಡ್ಡಾಯ. ಮೊದಲು ಹಾಳಾದ ಕಾಗದವೊಂದನ್ನು ಬರೀ ನೀರಿನಲ್ಲಿ, ದೀಪ ಹಾಕಿಕೊಂಡೇ ಎಳೆದು ಕೈ ಪಳಗಿಸಿಕೊಳ್ಳಿ. ಆರ್‌ಸಿ ಕಾಗದ ಬಿಗಿಯಾಗಿ ಮಡಚಿದರೆ ಗೆರೆ ಬೀಳುತ್ತದೆ, ಸುತ್ತು ದೊಡ್ಡದಾಗಿಯೇ ಇರಲಿ.