ಮೊಮ್ಮಗ ‘ನೊನ್ನಾ’ ಎನ್ನುತ್ತಾನೆ, ನಾನೂ ಇಟಾಲಿಯನ್ ಕಲಿಯಬೇಕಾ?

ಪ್ರಶ್ನೆ: ಮಗಳು, ಅಳಿಯ ಏಳು ವರ್ಷದಿಂದ ಇಟಲಿಯ ಬ್ರೆಶಾದಲ್ಲಿದ್ದಾರೆ. ಮೊಮ್ಮಗನಿಗೆ ನಾಲ್ಕು ವರ್ಷ. ಶಾಲೆಯ ಟೀಚರ್ ಒಬ್ಬರು ‘ಮನೆಯಲ್ಲೂ ಇಟಾಲಿಯನ್ನೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ’ ಅಂದರಂತೆ. ಅವತ್ತಿನಿಂದ ಮಗಳು ಅವನ ಜೊತೆ ಕನ್ನಡ ಬಿಟ್ಟಿದ್ದಾಳೆ. ವಿಡಿಯೊ ಕಾಲ್‌ನಲ್ಲಿ ‘ಚಾವ್ ನೊನ್ನಾ’ (ಹಲೋ ಅಜ್ಜಿ) ಅನ್ನುತ್ತಾನೆ, ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು ಕೂರುತ್ತೇವೆ. ನನಗೀಗ 66. ನಾನೂ ಇಟಾಲಿಯನ್ ಕಲಿಯಬೇಕಾ ಅಕ್ಕಾ?
– ಒಬ್ಬ ಅಜ್ಜಿ, ಡೊಂಬಿವಲಿ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಕಲಿಯಬೇಕಾದದ್ದು ನೀವಲ್ಲ, ಕನ್ನಡಕ್ಕೆ ವಾಪಸ್ ಬರಬೇಕಾದದ್ದು ನಿಮ್ಮ ಮಗಳು.

ನಿಮ್ಮ ಬಿಲ್ಡಿಂಗ್‌ನಲ್ಲೇ ನೋಡಿ. ನಿಮ್ಮ ಮಗಳಿಗೆ ಮರಾಠಿ ಕಲಿಸಿದವರು ಯಾರು? ನೀವಂತೂ ಅಲ್ಲ, ಅಲ್ವಾ? ಕೆಳಗೆ ಆಡುವ ಮಕ್ಕಳು, ಶಾಲೆ, ಅಂಗಡಿ. ಹಿಂದಿ ಲೋಕಲ್ ಟ್ರೇನಿನಲ್ಲಿ ಬಂತು. ಮನೆಯಲ್ಲಿ ಕನ್ನಡ ಇದ್ದದ್ದರಿಂದ ಅವಳ ಮರಾಠಿ ಎಲ್ಲಿ ಕಮ್ಮಿಯಾಯಿತು? ನಾಲ್ಕು ವರ್ಷದ ಹುಡುಗ ದಿನಕ್ಕೆ ಏಳೆಂಟು ಗಂಟೆ ಇಟಾಲಿಯನ್ ಮಕ್ಕಳ ಮಧ್ಯೆ ಇದ್ದರೆ ಇಟಾಲಿಯನ್ ಬಂದೇ ಬರುತ್ತದೆ. ಮೊದಲು ಸ್ವಲ್ಪ ದಿನ ಎರಡೂ ಕಲಸಿಕೊಳ್ಳಬಹುದು, ಹೆದರಬೇಕಾಗಿಲ್ಲ. ಆದರೆ ಕನ್ನಡ ಕೊಡುವವರು ಅಲ್ಲಿ ಅಪ್ಪ ಅಮ್ಮ ಇಬ್ಬರೇ. ಅವರು ನಿಲ್ಲಿಸಿದರೆ ಮುಗಿಯಿತು. ಟೀಚರಮ್ಮನ ಕಾಳಜಿ ನಿಜವೇ ಇರಬಹುದು, ಸಲಹೆ ಮಾತ್ರ ತಪ್ಪು.

ನಾನು ಬ್ರೆಶಾ ಪಕ್ಕದಲ್ಲೇ ಒಂಬತ್ತು ವರ್ಷ ಇದ್ದೆ. ನಮ್ಮ ಮನೆ ಮಾಲಕಿ ಎಂಬತ್ತು ದಾಟಿದ ಅಜ್ಜಿ. ನನ್ನ ಜೊತೆ ಇಟಾಲಿಯನ್, ತಂಗಿ ಫೋನ್ ಮಾಡಿದರೆ ಆ ಊರಿನ ಆಡುಮಾತು, ಅದರಲ್ಲಿ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗ ಶಾಲೆಯಲ್ಲಿ ಆ ಮಾತಿಗೆ ಬೈಸಿಕೊಂಡಿದ್ದಳಂತೆ. 1861ರಲ್ಲಿ ಇಟಲಿ ಒಂದು ದೇಶವಾದಾಗ ಇಟಾಲಿಯನ್ ಬರುತ್ತಿದ್ದದ್ದು ಶೇ 2.5ರಷ್ಟು ಜನರಿಗೆ ಮಾತ್ರ ಎಂದು ಭಾಷಾ ವಿದ್ವಾಂಸ ತುಲ್ಲಿಯೊ ದೆ ಮಾವ್ರೊ ಲೆಕ್ಕ ಹಾಕಿದ್ದರು. ಉಳಿದವರೆಲ್ಲ ಮನೆಯಲ್ಲಿ ಬೇರೆ ಮಾತಾಡಿಕೊಂಡೇ ಆಮೇಲೆ ಇಟಾಲಿಯನ್ ಕಲಿತವರು, ಅವರ ಮಕ್ಕಳು, ಮೊಮ್ಮಕ್ಕಳು. ಇದನ್ನು ಮಗಳಿಗೆ ಹೇಳಿ, ಅವಳು ಬೇಕಾದರೆ ಟೀಚರಿಗೂ ಹೇಳಲಿ.

ಇನ್ನು ನೀವು. ಕ್ಲಾಸಿಗೆಲ್ಲ ಹೋಗಬೇಡಿ, ಮೊಮ್ಮಗನನ್ನೇ ಮೇಷ್ಟ್ರು ಮಾಡಿಕೊಳ್ಳಿ. ಅವನು ‘ಗಾತ್ತೊ’ ಅಂದರೆ ನೀವು ‘ಬೆಕ್ಕು’ ಅನ್ನಿ. ಅವನು ‘ಲಾತ್ತೆ’ ಅಂದರೆ ನೀವು ‘ಹಾಲು’. ದಿನಕ್ಕೆ ನಾಲ್ಕು ಪದ ಸಾಕು. ಅಜ್ಜಿಗೆ ತಾನು ಕಲಿಸುತ್ತಿದ್ದೇನೆ ಅಂತ ಗೊತ್ತಾದರೆ ಮಕ್ಕಳು ಫೋನ್ ಬಿಟ್ಟು ಏಳುವುದಿಲ್ಲ.

ಪ್ರಶ್ನೆ: ಎರಡು ತಿಂಗಳಲ್ಲಿ ಕೆಲಸಕ್ಕೆಂದು ಮಿಲಾನಿಗೆ ಹೊರಟಿದ್ದೇನೆ. ಮೊದಲ ಹಂತದ ಇಟಾಲಿಯನ್ ಮುಗಿಸಿದೆ, ಆದರೆ ನನ್ನ ಉಚ್ಚಾರ ಇಂಗ್ಲಿಷ್ ತರ ಇದೆಯಂತೆ. ‘ತು’, ‘ಲೇಯಿ’ ಎಲ್ಲಿ ಯಾವುದು ಅಂತ ಗೊಂದಲ. ನನ್ನ ಹೆಸರು ಅವರಿಗೆ ಕಷ್ಟ, ‘ಮಾರ್ಕೊ’ ಅಂತ ಇಟ್ಟುಕೊಳ್ಳಿ ಅನ್ನುವವರೂ ಇದ್ದಾರೆ.
– ಓದುಗ, ಪುಣೆ

ಉತ್ತರ: ನೀವು ಇಟಾಲಿಯನ್ನನ್ನು ಇಂಗ್ಲಿಷ್ ಮೂಲಕ ಕಲಿಯುತ್ತಿದ್ದೀರಿ, ಅದೇ ತೊಂದರೆ. ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಅವರ ‘ತ’, ‘ದ’ ನಮ್ಮ ತ, ದ ಇದ್ದ ಹಾಗೆ, ಟ ಡ ಅಲ್ಲ. ಪದಗಳು ನಮ್ಮ ಹಾಗೇ ಜಾಸ್ತಿ ಸ್ವರದಲ್ಲೇ ಮುಗಿಯುತ್ತವೆ. ಇಂಗ್ಲಿಷರು ಒದ್ದಾಡುವ ಒತ್ತಕ್ಷರ ನಮಗೆ ನೀರು ಕುಡಿದಷ್ಟು ಸುಲಭ: ಪಾಲಾ ಅಂದರೆ ಸಲಿಕೆ, ಪಲ್ಲಾ ಅಂದರೆ ಚೆಂಡು. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವವರಿಗೆ ಇದೇನು ಮಹಾ?

‘ತು’ ನಮ್ಮ ನೀನು, ‘ಲೇಯಿ’ ನೀವು. ವಿಚಿತ್ರವೆಂದರೆ ಲೇಯಿ ಅಂದರೆ ‘ಅವಳು’ ಅಂತಲೂ ಅರ್ಥ, ಎದುರಿಗಿರುವವರು ಗಂಡಸಾದರೂ ಕ್ರಿಯಾಪದ ಅದೇ ರೂಪದಲ್ಲಿ ಬರುತ್ತದೆ. ಆಫೀಸಿನ ಗೆಳೆಯರು, ಓರಗೆಯವರಿಗೆ ತು. ಕಚೇರಿ, ಡಾಕ್ಟರು, ಅಪರಿಚಿತ ಹಿರಿಯರಿಗೆ ಲೇಯಿ.

ಇದು ವ್ಯಾಕರಣದ ವಿಷಯ ಮಾತ್ರ ಅಲ್ಲ ಅನ್ನುವುದು ಅಲ್ಲಿ ಹೋದಮೇಲೆ ಗೊತ್ತಾಗುತ್ತದೆ. ವಲಸೆ ಬಂದವರನ್ನು ಎಷ್ಟೋ ಕಡೆ ನೇರವಾಗಿ ‘ತು’ ಅಂತಲೇ ಮಾತಾಡಿಸುತ್ತಾರೆ, ಅದೂ ಕ್ರಿಯಾಪದವನ್ನು ಮುರಿದು, ‘ನೀನು ನಾಳೆ ಬರುವುದು’ ಅನ್ನುವ ಹಾಗೆ. ಪೋ ನದಿ ಬಯಲಿನ ಹಸು ಕೊಟ್ಟಿಗೆಗಳಲ್ಲಿ ದುಡಿಯುವ ಪಂಜಾಬಿಗಳು ಇಂಥದ್ದನ್ನೇ ಕೇಳಿ ಕೇಳಿ, ತಾವೂ ಹಾಗೇ ಮಾತಾಡುವುದನ್ನು ಕಲಿತದ್ದು ನೋಡಿದ್ದೇನೆ. ಒಮ್ಮೆ ಒಂದು ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ನನ್ನ ಮುಂದಿದ್ದ ಇಟಾಲಿಯನ್ ಹೆಂಗಸಿಗೆ ಲೇಯಿ ಅಂದರು, ನನ್ನ ಸರದಿ ಬಂದಾಗ ತು. ಕನ್ನಡದವರಿಗೆ ಇದು ಚುರ್ರೆನ್ನುತ್ತದೆ. ನಾನು ಜಗಳ ಮಾಡಲಿಲ್ಲ, ಪ್ರತಿ ವಾಕ್ಯದಲ್ಲೂ ಲೇಯಿ ಹಾಕಿ ಉತ್ತರ ಕೊಟ್ಟೆ. ಮೂರನೇ ವಾಕ್ಯಕ್ಕೆ ಅವರೂ ಲೇಯಿಗೆ ಬಂದರು. ಎಲ್ಲ ಸಲ ಹೀಗಾಗುವುದಿಲ್ಲ. ಆದರೂ ಇದೊಂದು ರೂಪವನ್ನು ಹೋಗುವ ಮುಂಚೆ ಬಾಯಿಪಾಠ ಮಾಡಿಕೊಳ್ಳಿ.

ಹೆಸರು ಬದಲಿಸಬೇಡಿ. ಇಟಾಲಿಯನ್‌ನಲ್ಲಿ ‘ಹ’ ಇಲ್ಲ, ಹಾಗಾಗಿ ಹೇಮಂತ ಇದ್ದವನು ಏಮಂತ ಆಗಬಹುದು. ಆಗಲಿ ಬಿಡಿ, ನಮ್ಮಲ್ಲೂ ಹಾಲನ್ನು ಆಲು ಅನ್ನುವವರಿಲ್ವಾ? ಎರಡು ಸಲ ನಿಧಾನವಾಗಿ ಹೇಳಿಕೊಡಿ. ಅಲ್ಲಿ ಎಲ್ಲದಕ್ಕೂ ಬೇಕಾಗುವ ‘ಕೋದಿಚೆ ಫಿಸ್ಕಾಲೆ’ ಅನ್ನುವ 16 ಅಕ್ಷರ-ಅಂಕಿಗಳ ತೆರಿಗೆ ಗುರುತು ಶುರುವಾಗುವುದೇ ನಿಮ್ಮ ಮನೆತನದ ಹೆಸರಿನ ಮೂರು, ನಿಮ್ಮ ಹೆಸರಿನ ಮೂರು ಅಕ್ಷರಗಳಿಂದ. ಮಾರ್ಕೊಗೆ ಅದರಲ್ಲಿ ಜಾಗ ಇಲ್ಲ.

ಪ್ರಶ್ನೆ: ತಂಗಿ ಮದುವೆಯಾಗಿ ಇಟಲಿಗೆ ಹೋಗಿದ್ದಾಳೆ. ಕಾನೂನಿನ ಪ್ರಕಾರ ಎಷ್ಟು ಇಟಾಲಿಯನ್ ಬರಬೇಕು?
– ಓದುಗರು, ಮಡಗಾಂವ್

ಉತ್ತರ: ಭಾಷೆಯ ಮಟ್ಟಕ್ಕೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ದೀರ್ಘಾವಧಿ ವಾಸದ ಪರವಾನಗಿಗೆ ಎರಡನೆಯದು, ಎ2. ಪೌರತ್ವಕ್ಕೆ ಮೂರನೆಯದು, ಬಿ1, ಇದು 2018ರ ಡಿಸೆಂಬರಿನಿಂದ. ದೀರ್ಘಾವಧಿ ಪರವಾನಗಿ ಈಗಾಗಲೇ ಇದ್ದರೆ ಬಿ1 ಪ್ರಮಾಣಪತ್ರ ಕೇಳುವುದಿಲ್ಲ. ಸರ್ಕಾರದ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ ಭಾಷಾ ತರಗತಿಗಳಿವೆ, ಸುಮ್ನೆ ಖಾಸಗಿ ಕ್ಲಾಸಿಗೆ ದುಡ್ಡು ಸುರಿಯುವ ಮೊದಲು ಅಲ್ಲಿ ವಿಚಾರಿಸಲಿ. ಇನ್ನೊಂದು: ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಇಟಲಿಯದು ಬಂದರೆ ನಮ್ಮದು ಹೋಗುತ್ತದೆ, ಆಮೇಲೆ ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಅರ್ಜಿ ತುಂಬುವ ಮೊದಲು ತಂಗಿ ಇದನ್ನು ಮನೆಯವರ ಜೊತೆ ಕೂತು ಮಾತಾಡಲಿ.