ನಿಂತ ಟ್ರೇಲರ್‌ಗೆ ಬಡಿದವನದಷ್ಟೇ ತಪ್ಪೇ?

ರಾತ್ರಿ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ನಿಮ್ಮ ತಮ್ಮನ ಬೈಕ್ ಹಿಂದಿನಿಂದ ಬಡಿದಿದೆ. ಹಿಂದಿನಿಂದ ಬಡಿದವನದೇ ತಪ್ಪು ಎಂದು ಊರಿನವರು ಹೇಳುತ್ತಿರುವುದು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಇದನ್ನು ನಾನು ಟ್ರೇಲರ್ ಮಾಲೀಕನಾಗಿ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ಹಾಗೆ ನಿಂತಿದ್ದ ಟ್ರೇಲರ್ ನನ್ನದೇ ಆಗಿತ್ತು.

ಕಬ್ಬಿನ ಹಂಗಾಮು ಜೋರಾಗಿದ್ದ ದಿನಗಳವು. ಎರಡು ಟ್ರೇಲರ್ ತುಂಬಿಕೊಂಡು ಕಾರ್ಖಾನೆಗೆ ಹೊರಟ ನಮ್ಮ ಚಾಲಕ, ಹಿಂದಿನದರ ಟೈರ್ ಪಂಕ್ಚರ್ ಆದಾಗ ಅದನ್ನು ಅರ್ಧ ಡಾಂಬರಿನ ಮೇಲೆಯೇ ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟು, ನನಗೆ ಫೋನ್ ಮಾಡಿದ. ಕಾರ್ಖಾನೆಯಲ್ಲಿ ಕಬ್ಬು ಇಳಿಸುವ ಪಾಳಿ ತಪ್ಪೀತೆಂಬ ಅವಸರದಲ್ಲಿ ನಾನು "ಮುಂಜಾನೆ ನೋಡೂಣು ಬಿಡು, ನೀ ಮುಂದ ನಡಿ" ಎಂದುಬಿಟ್ಟೆ. ಟ್ರ್ಯಾಕ್ಟರಿನಿಂದ ಬಿಚ್ಚಿದ ಟ್ರೇಲರಿಗೆ ಬ್ಯಾಟರಿಯ ಸಂಬಂಧ ತಪ್ಪುವುದರಿಂದ ಅದರ ಹಿಂಬದಿ ದೀಪ ಸರಿಯಿದ್ದರೂ ಉರಿಯುವುದಿಲ್ಲ. ಉಳಿಯುವುದು ಕೆಂಪು ರಿಫ್ಲೆಕ್ಟರ್ ಒಂದೇ, ಅದನ್ನೂ ಜೋತುಬಿದ್ದ ಕಬ್ಬು ಮುಚ್ಚಿತ್ತು. ಎರಡು ತಾಸಿನೊಳಗೆ ಒಬ್ಬ ಹುಡುಗ ಬಂದು ಬಡಿದು ಕಾಲು ಮುರಿದುಕೊಂಡ. ದಾರಿಹೋಕರು 108ಕ್ಕೆ ಕರೆ ಮಾಡಿದ್ದರಿಂದ ಜೀವ ಉಳಿಯಿತು.

ಮರುದಿನ ನನ್ನ ಹಿತೈಷಿಗಳೆಲ್ಲ "ಬಂದು ಬಡದಾವನದ ತಪ್ಪು, ನೀ ಯಾಕ ಅಂಜತಿ?" ಎಂದರು. ಆ ಮಾತು ಹಿತವಾಗಿತ್ತು, ಆದರೆ ಲೆಕ್ಕಕ್ಕೆ ನಿಲ್ಲುವಂಥದ್ದಲ್ಲ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದದ್ದು ಏನೆಂದು ತಿಳಿದು ಬ್ರೇಕ್ ಒತ್ತುವ ಒಂದೂವರೆ ಸೆಕೆಂಡಿನಲ್ಲಿಯೇ 25 ಮೀಟರ್ ಮುಗಿದು, ನಿಲ್ಲಲು ಇನ್ನೂ ಅಷ್ಟೇ ದೂರ ಬೇಕಾಗುತ್ತದೆ. ಎದುರಿನ ಲಾರಿಯ ಬೆಳಕು ಕಣ್ಣು ಕುಕ್ಕುವಾಗ, ಕತ್ತಲೆಯ ಬಣ್ಣದ್ದೇ ಆದ ಕಬ್ಬಿನ ರಾಶಿ 50 ಮೀಟರ್ ದೂರದಿಂದ ಕಾಣುವುದು ಕಷ್ಟ. ಗಾಲಿಗೆ ಕೊಟ್ಟ ಕಲ್ಲು ಟ್ರೇಲರನ್ನು ಉರುಳದಂತೆ ತಡೆಯುತ್ತದೆಯೇ ಹೊರತು ಯಾರಿಗೂ ಎಚ್ಚರಿಕೆ ಕೊಡುವುದಿಲ್ಲ.

ಕಾನೂನು ಸ್ಪಷ್ಟವಿದೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಪ್ರಕಾರ, ವಾಹನವನ್ನಾಗಲಿ ಟ್ರೇಲರನ್ನಾಗಲಿ ಇತರರಿಗೆ ಅಪಾಯವಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋಗುವಂತಿಲ್ಲ. ಪರಿಹಾರದ ಪ್ರಕರಣದಲ್ಲಿ ನ್ಯಾಯಮಂಡಳಿಯು ಇಬ್ಬರ ನಿರ್ಲಕ್ಷ್ಯವನ್ನೂ ತೂಗಿ ಹೊಣೆ ಹಂಚಬಹುದು; ಸವಾರನ ಪಾಲಿನ ತಪ್ಪಿನಷ್ಟು ಪರಿಹಾರ ಕಡಿಮೆಯಾಗುತ್ತದೆ. ನನ್ನ ಪ್ರಕರಣದಲ್ಲಿ ಹುಡುಗನ ವೇಗವೂ ಚರ್ಚೆಗೆ ಬಂತು, ಆದರೂ ದೊಡ್ಡ ಪಾಲು ನನ್ನ ಮೇಲೆಯೇ ಬಿತ್ತು. ಟ್ರೇಲರಿಗೆ ವಿಮೆ ಮಾಡಿಸಿರದ ಕಾರಣ ಹಣವನ್ನು ಕೈಯಿಂದಲೇ ಕಟ್ಟಿದೆ. ಅನ್ಯಾಯವಾಯಿತೆಂದು ನನಗೆ ಅನ್ನಿಸಿಲ್ಲ.

ಇನ್ನು ನಿಮ್ಮ ವಿಷಯ. ಪೊಲೀಸರ ಪಂಚನಾಮೆಯ (ಸ್ಥಳ ನೋಡಿ ಬರೆದ ದಾಖಲೆಯ) ಪ್ರತಿ ತೆಗೆದುಕೊಂಡು, ಟ್ರೇಲರ್ ಡಾಂಬರಿನ ಮೇಲೆ ಎಷ್ಟು ಇತ್ತು, ದೀಪ ಉರಿಯುತ್ತಿತ್ತೇ, ರಿಫ್ಲೆಕ್ಟರ್ ಕಾಣುತ್ತಿತ್ತೇ ಎಂಬುದು ಅದರಲ್ಲಿ ದಾಖಲಾಗಿದೆಯೇ ನೋಡಿ. ಆ ರಾತ್ರಿ ಯಾರಾದರೂ ಫೋಟೊ ತೆಗೆದಿದ್ದರೆ ಅದನ್ನೂ ಕಾಪಾಡಿ. ತಮ್ಮ ಎಷ್ಟು ವೇಗದಲ್ಲಿದ್ದ, ಕುಡಿದಿದ್ದನೇ, ಹೆಲ್ಮೆಟ್ ಹಾಕಿದ್ದನೇ ಎಂಬುದನ್ನು ವಕೀಲರಿಂದ ಮುಚ್ಚಿಡಬೇಡಿ, ಎದುರು ಪಕ್ಷದವರು ಮೊದಲು ಕೇಳುವುದೇ ಅದನ್ನು. ಪರಿಹಾರದ ಅರ್ಜಿಗೆ ಅದೇ ಕಾಯ್ದೆಯ 166ನೇ ಕಲಮು ಅಪಘಾತವಾದ ದಿನದಿಂದ ಆರು ತಿಂಗಳ ಗಡುವು ಹೇಳುತ್ತದೆ, ಆದ್ದರಿಂದ ಊರ ಹಿರಿಯರ ಪಂಚಾಯಿತಿಗೆ ಕಾಯುತ್ತ ಕೂರಬೇಡಿ.