ಸೊಲ್ಲಾಪುರದಲ್ಲಿ ನಾಲ್ಕು ಗಂಟೆ

ವಿಜಯಪುರದಿಂದ ಬಸ್ಸಿನಲ್ಲಿ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಹೋಗುವಾಗ ಸೊಲ್ಲಾಪುರದಲ್ಲಿ ನಾಲ್ಕು ಗಂಟೆ ಕಾಯಬೇಕಾಗಿದೆ, ಊರೊಳಗೆ ನೋಡುವಂಥದ್ದು ಏನಾದರೂ ಇದೆಯೇ, ಇಲ್ಲ ನಿಲ್ದಾಣದಲ್ಲೇ ಕೂತಿರುವುದು ಮೇಲೇ ಎಂದು ಕೇಳಿದ್ದೀರಿ. ಎಲ್ಲೋರ ನೋಡಲು ಅದೇ ದಾರಿಯಲ್ಲಿ ಹೋದಾಗ ಮುಂದಿನ ಬಸ್ಸು ತಪ್ಪಿ, ಹೆಚ್ಚುಕಡಿಮೆ ಅಷ್ಟೇ ಹೊತ್ತನ್ನು ನಾನೂ ಅಲ್ಲಿ ಕಳೆದಿದ್ದೇನೆ.

ಸೊಲ್ಲಾಪುರ ಚೆಲುವಾದ ಊರೇನಲ್ಲ. ಬಟ್ಟೆ ಗಿರಣಿಗಳಿಂದ ಬೆಳೆದ ಊರು; ಧೂಳು, ಆಟೋಗಳ ಗದ್ದಲ, ಬೇಸಿಗೆಯಾದರೆ ನಲವತ್ತು ದಾಟುವ ಬಿಸಿಲು. ನಿಲ್ದಾಣದ ಸುತ್ತ ಅಡ್ಡಾಡಿ ಊರನ್ನು ಅಳೆದರೆ ನಿರಾಸೆ ಖಂಡಿತ. ಆದ್ದರಿಂದ ಹಲವು ಜಾಗಗಳ ಆಸೆ ಬಿಟ್ಟು, ಆಟೋ ಹಿಡಿದು ನೇರವಾಗಿ ಸಿದ್ಧೇಶ್ವರ ಗುಡಿಗೆ ಹೋಗಿ, ದೂರವೇನಿಲ್ಲ.

ಕೆರೆಯ ನಡುವಿನ ಈ ಗುಡಿ ನಮ್ಮ ವಚನಕಾರ ಸಿದ್ಧರಾಮನದು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆ ಎಂದು ಹೆಸರಾಗಿದ್ದ ಊರೇ ಇಂದಿನ ಸೊಲ್ಲಾಪುರ ಎಂಬುದು, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ ಅಲ್ಲಿಗೆ ಹೋಗುವವರೆಗೆ ಹೊಳೆದೇ ಇರಲಿಲ್ಲ. ಕೆರೆ ಕಟ್ಟಿಸುವುದರಲ್ಲಿ, ಗುಡಿ ಎಬ್ಬಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಬಂದು ‘ಒಡ್ಡ’ನೆಂದು, ಅಂದರೆ ಮಣ್ಣು ಕಲ್ಲು ಹೊರುವವನೆಂದು ಕೆಣಕಿ, ವಾದಿಸಿ, ಕೊನೆಗೆ ಕಲ್ಯಾಣಕ್ಕೆ ಕರೆದೊಯ್ದನೆಂದು ಶರಣರ ಕಥೆಗಳು ಹೇಳುತ್ತವೆ. ಆ ಜಗಳದಲ್ಲಿ ಅಲ್ಲಮನೇ ಗೆದ್ದನೆಂಬುದು ಕಥೆಯ ತೀರ್ಮಾನವಾದರೂ, ಬಿಸಿಲಿನಲ್ಲಿ ಬೆಂದು ಬಂದು ಆ ನೀರಿನ ಮೇಲಿನ ಗಾಳಿಗೆ ಮುಖವೊಡ್ಡಿ ಕೂತಾಗ ನನ್ನ ಮನಸ್ಸು ಮಾತ್ರ ಒಡ್ಡನ ಕಡೆಗೇ ವಾಲಿತು. ಸಿದ್ಧರಾಮನ ಗದ್ದುಗೆಯೂ ಗುಡಿಯ ಆವರಣದಲ್ಲೇ ಇದೆ.

ಬಾಗಿಲ ಬಳಿ ಹೂವು ಮಾರುತ್ತಿದ್ದ ಹೆಂಗಸನ್ನು ನನಗೆ ಬರುವ ಅರೆಬರೆ ಮರಾಠಿಯಲ್ಲಿ ಬೆಲೆ ಕೇಳಿದೆ. ಆಕೆ ನಕ್ಕು, ‘ಹತ್ತು ರೂಪಾಯಿ ಅದರೀ. ಕನ್ನಡದಾಗ ಕೇಳ್ರೆಲಾ’ ಎಂದರು. ನಾಮಫಲಕಗಳೆಲ್ಲ ಮರಾಠಿಯಲ್ಲಿದ್ದರೂ ಊರಿನಲ್ಲಿ ಕನ್ನಡ ಆಡುವವರು ಬಹಳ. ದಾರಿ ಕೇಳಲು ಸಂಕೋಚ ಬೇಡ.

ಕೆರೆಗೆ ಹೊಂದಿಕೊಂಡೇ ಬಹಮನಿ ಕಾಲದ ಭುಯಿಕೋಟ್ ಕೋಟೆ ಇದೆ. ಕಾಲಿಗೆ ಬಲವಿದ್ದರೆ ಒಳಗೆ ಒಂದು ಸುತ್ತು ಹಾಕಬಹುದು; ಗೋಳಗುಮ್ಮಟದ ಊರಿನಿಂದ ಬರುವವರಿಗೆ ಅದು ಅಚ್ಚರಿ ಹುಟ್ಟಿಸುವಂಥದ್ದಲ್ಲ.

ಊಟಕ್ಕೆ ಮಾತ್ರ ಒಂದು ಗಂಟೆ ಉಳಿಸಿಕೊಳ್ಳಿ. ಯಾವುದಾದರೂ ಖಾನಾವಳಿಯಲ್ಲಿ ಕಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕೇಳಿ. ಅಲ್ಲಿ ಆ ರೊಟ್ಟಿಗೆ ಕಡಕ್ ಭಾಕ್ರಿ ಎನ್ನುತ್ತಾರೆ. ನನಗೆ ಬಡಿಸಿದ್ದು ಹಪ್ಪಳದಷ್ಟು ತೆಳ್ಳಗಿದ್ದು, ಮುರಿದಾಗ ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಸದ್ದು ಮಾಡಿತು. ಚಟ್ನಿ ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಕುಟ್ಟಿದ್ದು, ಶೇಂಗಾದ ಎಣ್ಣೆ ಬಿಟ್ಟು ಮುದ್ದೆಯಂತಾಗಿತ್ತು. ಮೊಸರು ಕಲಸಿಕೊಳ್ಳದಿದ್ದರೆ ನಾಲಗೆ ಉಳಿಯುವುದಿಲ್ಲ. ಉಳಿದ ರೊಟ್ಟಿಯನ್ನು ಕಟ್ಟಿಸಿಕೊಂಡರೆ ಎರಡು ದಿನದ ಪ್ರಯಾಣಕ್ಕೂ ಕೆಡದು.

ಹತ್ತಿರವಿದೆಯೆಂದು ಈ ನಾಲ್ಕು ಗಂಟೆಯಲ್ಲಿ ತುಳಜಾಭವಾನಿಯ ಗುಡಿಯಿರುವ ತುಳಜಾಪುರಕ್ಕೆ ಹೋಗಿಬರುವ ಸಾಹಸ ಮಾಡಬೇಡಿ. ಅದು 45 ಕಿಲೋಮೀಟರ್ ದೂರ; ಮೇಲಾಗಿ ಬೀಡ್ ಮಾರ್ಗವಾಗಿ ಔರಂಗಾಬಾದಿಗೆ ಹೋಗುವ ಹೆದ್ದಾರಿ ತುಳಜಾಪುರದ ಮೇಲೆಯೇ ಹಾದುಹೋಗುತ್ತದೆ. ಇನ್ನು ಸೊಲ್ಲಾಪುರದ ಚಾದರ ಹೆಸರುವಾಸಿ, ಬಾಳಿಕೆಯೂ ಬರುತ್ತದೆ. ಆದರೆ ಅದನ್ನು ಹಿಂತಿರುಗುವಾಗ ಕೊಳ್ಳಿ. ನಾನು ಹೋಗುವಾಗಲೇ ಎರಡು ಕೊಂಡು, ಎಲ್ಲೋರದ ಗುಹೆ ಗುಹೆಗೂ ಅವನ್ನು ಬೆನ್ನ ಮೇಲೆ ಹೊತ್ತು ತಿರುಗಿದೆ.